ರಕ್ತ ಹಸಿರಾದರೆ ವಯಸ್ಸು ಇಳಿಯುತ್ತಾ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಗೇಮ್‌ಗಳ ಪಕ್ಕದಲ್ಲಿ 12+, 16+ ಅಂತ ಇರುತ್ತಲ್ಲ, ಅದನ್ನು ಯಾರು ಹಾಕುತ್ತಾರೆ? ಅದು ಯಾಕೆ ಬದಲಾಗುತ್ತಾ ಇರುತ್ತದೆ? ನಂಬಬಹುದಾ? ಹಾಗಾಗಿ ಚಾರ್ಜರ್, ಬ್ಯಾಟರಿ, ನೀರಲ್ಲಿ ಬಿದ್ದ ಫೋನಿನ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ. ನೀರಲ್ಲಿ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ ಅಂತ ಮಾತ್ರ ಈಗಲೇ ಹೇಳಿಬಿಡುತ್ತೇನೆ.

ಹೊಸ ಓದುಗರಿಗೆ ನನ್ನ ಪರಿಚಯ. ಬಳ್ಳಾರಿಯ ಮೋತಿ ಸರ್ಕಲ್ ಹತ್ತಿರದ ಒಂದು ಗಲ್ಲಿಯಲ್ಲಿ 1993ರಿಂದ ಹದಿಮೂರು ವರ್ಷ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದವನು ನಾನು. ಈಗ ಅದೇ ಮಳಿಗೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ.

ಪ್ರಶ್ನೆ: ಅಣ್ಣಾ, ನಾನು ಹುಡುಗನಾಗಿದ್ದಾಗ ನಿಮ್ಮ ಅಂಗಡಿಯಲ್ಲೇ ಆಡಿದವನು. ಆಗ ಈ ವಯಸ್ಸಿನ ನಂಬರ್ ಎಲ್ಲ ಇರಲಿಲ್ಲ ಅಲ್ವಾ? ಇದು ಯಾವಾಗ ಶುರುವಾಯಿತು?
– ಬಟ್ಟೆ ಅಂಗಡಿಯವರು, ಸಿರುಗುಪ್ಪ

ಉತ್ತರ: ಇತ್ತು ತಮ್ಮಾ, ನೀನು ಮರೆತಿದ್ದೀಯ. ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಇತ್ತು ನೋಡು. ನನ್ನ ಎದೆಮಟ್ಟಕ್ಕೆ. ಗೆರೆಗಿಂತ ಕೆಳಗಿದ್ದವರಿಗೆ ಮಾರಿಯೋ, ಕಾಂಟ್ರಾ. ಗೆರೆ ಮುಟ್ಟಿದವರಿಗೆ ಮಾತ್ರ ಹೊಡೆದಾಟದ ಕ್ಯಾಸೆಟ್. ಒಬ್ಬ ಹುಡುಗ ಅವರಕ್ಕನ ಹೀಲ್ಸ್ ಚಪ್ಪಲಿ ಹಾಕಿಕೊಂಡು ಬಂದು ಗೆರೆಗೆ ತಲೆ ತಾಗಿಸಿದ್ದ. ಅದು ನೀನೇ ಇರಬಹುದು ಅಂತ ನನಗೆ ಅನುಮಾನ.

ಆ ಗೆರೆ ಎಳೆದದ್ದು 1995ರ ಬೇಸಿಗೆಯಲ್ಲಿ. ಬೆಂಗಳೂರಿನಲ್ಲಿ ಒಂದು ಹಳೇ ಸೆಗಾ ಮೆಷಿನ್ ಸಿಕ್ಕಿತ್ತು. ತೊಡೆ ಮೇಲೆ ಇಟ್ಟುಕೊಂಡು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕೂತು ತಂದಿದ್ದೆ. ಜೊತೆಗೆ ಮಾರ್ಟಲ್ ಕಾಂಬ್ಯಾಟ್ ಕ್ಯಾಸೆಟ್. ಅರ್ಧ ಗಂಟೆಗೆ ಐದು ರೂಪಾಯಿ. ಒಂದು ತಿಂಗಳು ಏನೂ ಗಲಾಟೆ ಇಲ್ಲ. ಗುದ್ದುತ್ತಿದ್ದರು, ಬೀಳುತ್ತಿದ್ದರು, ಅಷ್ಟೇ. ಆಮೇಲೆ ಬೆಂಗಳೂರಲ್ಲಿ ಓದುವ ಒಬ್ಬ ಹುಡುಗ ರಜೆಗೆ ಅಜ್ಜಿ ಮನೆಗೆ ಬಂದ. ಶುರುವಿನಲ್ಲಿ ಬರೀ ಅಕ್ಷರ ಕಾಣುವ ಒಂದು ಪರದೆ ಬರುತ್ತದೆ. ಅಲ್ಲಿ ಪಟಪಟ ಎ, ಬಿ, ಎ, ಸಿ, ಎ, ಬಿ, ಬಿ ಒತ್ತಿದ. ಅಷ್ಟೇ. ಗುದ್ದಿದರೆ ಕೆಂಪು ಹನಿ ಹಾರತೊಡಗಿತು. ಕೊನೆಗೆ ಒಬ್ಬ ಇನ್ನೊಬ್ಬನ ಎದೆಗೆ ಕೈ ಹಾಕಿ ಗುಂಡಿಗೆ ಕಿತ್ತು ಎತ್ತಿ ಹಿಡಿದ. ಹುಡುಗರು ಒಂದು ಕ್ಷಣ ತೆಪ್ಪಗಾದರು. ಆಮೇಲೆ ಹಾಕಿದ ಕೇಕೆಗೆ ಎದುರಿನ ಮಿರ್ಚಿ ಅಂಗಡಿಯವನು ಸೌಟು ಹಿಡಿದುಕೊಂಡೇ ಓಡಿ ಬಂದ.

ಸಂಜೆ ಹೊತ್ತಿಗೆ ಆ ಏಳು ಅಕ್ಷರ ನನ್ನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಾಗಿತ್ತು. ಮೂರನೇ ದಿನ ಒಬ್ಬ ತಾಯಿ ಬಂದರು. ಮಗನ ಹೋಂವರ್ಕ್ ಪುಸ್ತಕ ಕೈಯಲ್ಲಿತ್ತು. ಲೆಕ್ಕದ ಪುಟದಲ್ಲಿ ಕೆಂಪು ಪೆನ್ನಲ್ಲಿ ಗುಂಡಿಗೆ ಕಿತ್ತವನ ಚಿತ್ರ. ‘ಇದನ್ನೇನ್ರಿ ನೀವು ಕಲಿಸೋದು?’ ಅಂದರು. ಇನ್ನೂ ಏನೇನೋ ಅಂದರು, ಅದು ಬೇಡ. ಅವರು ಹೋದ ಮೇಲೆ ಗೋಡೆ ಒರೆಸಿದೆ. ಅದೇ ಸೀಮೆಸುಣ್ಣದ ತುಂಡಿನಿಂದ ಬಾಗಿಲಿಗೆ ಗೆರೆ ಎಳೆದೆ.

ಅಮೆರಿಕದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಅದು ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಇದೇ ಆಟ 1993ರಲ್ಲಿ ಮನೆಯ ಮೆಷಿನ್‌ಗಳಿಗೆ ಬಂತು. ನಿಂಟೆಂಡೊ ಕಂಪನಿ ರಕ್ತವನ್ನು ಬೂದು ಬಣ್ಣದ ಬೆವರು ಮಾಡಿಸಿತು. ಸೆಗಾ ಕಂಪನಿ ರಕ್ತವನ್ನು ಆ ಏಳು ಬಟನ್‌ಗಳ ಹಿಂದೆ ಬಚ್ಚಿಟ್ಟು, ಡಬ್ಬಿಗೆ ‘13 ದಾಟಿದವರಿಗೆ’ ಎಂದು ತನ್ನದೇ ಚೀಟಿ ಅಂಟಿಸಿತು. ಜಾಸ್ತಿ ಮಾರಾಟವಾದದ್ದು ಯಾವುದು ಅಂತ ನಾನು ಹೇಳಬೇಕಾ? ಆ ವರ್ಷ ಡಿಸೆಂಬರ್‌ನಲ್ಲಿ ಲೀಬರ್‌ಮನ್, ಕೋಲ್ ಎಂಬ ಇಬ್ಬರು ಸೆನೆಟರ್‌ಗಳು ಕಂಪನಿಯವರನ್ನು ಕರೆಸಿ ಕೂರಿಸಿದರು. ನೀವಾಗಿ ಒಂದು ವ್ಯವಸ್ಥೆ ಮಾಡಿ, ಇಲ್ಲದಿದ್ದರೆ ಸರ್ಕಾರ ಮಾಡುತ್ತದೆ ಅನ್ನುವುದು ಅವರ ಮಾತಿನ ಸಾರ. ಕಂಪನಿಗಳು ಹೆದರಿ 1994ರಲ್ಲಿ, ಆಟಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಅನ್ನುವ ಮಂಡಳಿ ಕಟ್ಟಿಕೊಂಡವು. ಅಂದರೆ ಅವರೂ ಬೈಸಿಕೊಂಡ ಮೇಲೆಯೇ ಬಾಗಿಲಿಗೆ ಗೆರೆ ಎಳೆದರು.

ಇದರಲ್ಲಿ ಒಂದು ತಮಾಷೆ ಇದೆ. ನಂಬರ್ ಬರುವ ಹೊತ್ತಿಗೆ ಕತ್ತರಿ ಪ್ರಯೋಗ ಕಡಿಮೆಯಾಯಿತು. 1994ರಲ್ಲಿ ಆ ಆಟದ ಎರಡನೇ ಭಾಗ ಬಂದಾಗ ಅದೇ ನಿಂಟೆಂಡೊ ಕೆಂಪು ರಕ್ತವನ್ನು ಹಾಗೇ ಬಿಟ್ಟಿತು. ಡಬ್ಬಿಯ ಮೇಲೆ ಎಚ್ಚರಿಕೆ ಬರೆದರೆ ಸಾಕು, ಒಳಗೆ ಅಳಿಸುವ ಕೆಲಸ ತಪ್ಪಿತು. ನನ್ನ ಅಂಗಡಿಯಲ್ಲೂ ಹಾಗೇ ಆಯಿತು. ಗೆರೆ ಎಳೆದ ಮೇಲೆ ಆ ಏಳು ಅಕ್ಷರವನ್ನು ದೊಡ್ಡ ಹುಡುಗರಿಗೆ ನಾನೇ ಒತ್ತಿಕೊಡುತ್ತಿದ್ದೆ.

ಪ್ರಶ್ನೆ: ಅಂಕಲ್, ನನಗೆ 15 ವರ್ಷ. ಬಿಜಿಎಂಐ ಅನ್ನುವ ಗುಂಡು ಹಾರಿಸುವ ಮೊಬೈಲ್ ಆಟದಲ್ಲಿ ರಕ್ತ ಹಸಿರು ಯಾಕೆ? ಮೊದಲು ಪಬ್‌ಜಿ ಬ್ಯಾನ್ ಆಗಿದ್ದು ರಕ್ತ ಇದೆ ಅಂತಲೇ?
– ಹೈಸ್ಕೂಲ್ ವಿದ್ಯಾರ್ಥಿ, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ರಕ್ತಕ್ಕೂ ಆ ಬ್ಯಾನ್‌ಗೂ ಸಂಬಂಧವೇ ಇಲ್ಲ ಮರಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಒಟ್ಟು 118 ಆಪ್‌ಗಳನ್ನು ಮುಚ್ಚಿಸಿತು. ಅದರಲ್ಲಿ ಪಬ್‌ಜಿ ಮೊಬೈಲ್ ಒಂದು. ಬಳಸಿದ್ದು ಐಟಿ ಕಾಯ್ದೆಯ 69ಎ ಕಲಂ. ಕೊಟ್ಟ ಕಾರಣ ದೇಶದ ಭದ್ರತೆ, ನಮ್ಮ ಜನರ ಮಾಹಿತಿ ಹೊರಗೆ ಹೋಗುತ್ತದೆ ಅನ್ನುವುದು. ಗಡಿಯಲ್ಲಿ ಚೀನಾ ಜೊತೆ ಜಟಾಪಟಿ ನಡೆದಿದ್ದ ವರ್ಷ ಅದು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಅನ್ನುವ ಇನ್ನೊಂದು ಆಟ ಹೋದದ್ದೂ ಇಂಥದೇ ಪಟ್ಟಿಯಲ್ಲಿ.

ಆದರೆ 2021ರ ಜುಲೈನಲ್ಲಿ ಬಿಜಿಎಂಐ ಅಂತ ಹೊಸ ಹೆಸರಲ್ಲಿ ವಾಪಸ್ ಬಂದಾಗ ಕಂಪನಿಯವರು ತಾವಾಗಿಯೇ ತಗ್ಗಿ ಬಗ್ಗಿ ಬಂದರು. ರಕ್ತ ಹಸಿರಾಯಿತು. 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ ಮಿತಿ ಬಂತು. ಆದರೂ 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು.

ಹಸಿರು ರಕ್ತ ಹಳೇ ಉಪಾಯ. ದಾರಿಯಲ್ಲಿ ಹೋಗುವ ಜನರ ಮೇಲೆ ಕಾರು ಹತ್ತಿಸುವ ಕಾರ್ಮಗೆಡ್ಡನ್ ಅನ್ನುವ ಆಟಕ್ಕೆ 1997ರಲ್ಲಿ ಇಂಗ್ಲೆಂಡಿನ ಬೋರ್ಡು ಸರ್ಟಿಫಿಕೇಟ್ ಕೊಡಲಿಲ್ಲ. ಆಟದವರು ಜನರನ್ನು ದೆವ್ವದಂಥ ಜಾಂಬಿಗಳನ್ನಾಗಿ ಮಾಡಿ ಹಸಿರು ರಕ್ತ ತುಂಬಿದರು. ಆಮೇಲೆ ಮೇಲ್ಮನವಿ ಹಾಕಿ ಗೆದ್ದರು, ಮನುಷ್ಯರು ವಾಪಸ್ ಬಂದರು. ನಾವು ಆಡುತ್ತಿದ್ದ ಕಾಂಟ್ರಾ ಗೊತ್ತಾ? ಅಂಗಿ ಇಲ್ಲದ ಇಬ್ಬರು ಗನ್ ಹಿಡಿದು ಓಡುವುದು. ಯುರೋಪಿನಲ್ಲಿ ಅದರ ಹೆಸರು ಪ್ರೊಬೊಟೆಕ್ಟರ್. ಅಲ್ಲಿ ಆ ಇಬ್ಬರೂ ರೋಬೋಟ್‌ಗಳು! ಜರ್ಮನಿಯ ಕಾನೂನಿಗೆ ಹೆದರಿ ಹಾಗೆ ಮಾಡಿದ್ದು. ಇನ್ನು ಚೀನಾದಲ್ಲಿ 2019ರಲ್ಲಿ ಪಬ್‌ಜಿ ಬದಲಿಗೆ ಬಂದ ಆಟದಲ್ಲಿ ಗುಂಡು ಬಿದ್ದವನು ಸಾಯುವುದೇ ಇಲ್ಲ. ಮಂಡಿಯೂರಿ ತನ್ನ ಪೆಟ್ಟಿಗೆ ಕೆಳಗಿಟ್ಟು, ಟಾಟಾ ಮಾಡಿ ಮಾಯವಾಗುತ್ತಾನೆ. ಬಸ್‌ಸ್ಟ್ಯಾಂಡಲ್ಲಿ ನೆಂಟರನ್ನು ಕಳಿಸಿದ ಹಾಗೆ.

ಇನ್ನು ನಿನ್ನ ಮೂರು ಗಂಟೆ ಮಿತಿಯ ವಿಷಯ. ಅಪ್ಪನ ವಯಸ್ಸು ಹಾಕಿ ಅದನ್ನು ದಾಟಿರುತ್ತೀಯ ಅಂತ ನನಗೆ ಗೊತ್ತು. ಮೇಲಿನ ಹೀಲ್ಸ್ ಚಪ್ಪಲಿ ಕಥೆ ಓದು.

ಪ್ರಶ್ನೆ: ನಾನು ಬಳ್ಳಾರಿಯ ಒಂದು ಟಾಕೀಸಿನಲ್ಲಿ ಮೂವತ್ತು ವರ್ಷ ಗೇಟ್ ಕಾಯ್ದವನು. ಸಿನಿಮಾಕ್ಕೆ ಸೆನ್ಸಾರ್ ಬೋರ್ಡ್ ಇದೆ. ಗೇಮ್‌ಗೆ ನಮ್ಮ ದೇಶದಲ್ಲಿ ಬೋರ್ಡ್ ಎಲ್ಲಿದೆ? ಆ ನಂಬರ್ ಯಾರು ಕೊಡುತ್ತಾರೆ?
– ನಿವೃತ್ತರು, ಸತ್ಯನಾರಾಯಣ ಪೇಟೆ

ಉತ್ತರ: ಎಲ್ಲೂ ಇಲ್ಲ ಸಾರ್. ಸಿನಿಮಾಕ್ಕೆ 1952ರ ಕಾಯ್ದೆಯಲ್ಲಿ ಯು ಮತ್ತು ಎ ಇದ್ದವು. 1983ರಲ್ಲಿ ನಡುವೆ ಯುಎ ಸೇರಿತು. ಅದೇ ವರ್ಷ ಬೋರ್ಡಿನ ಹೆಸರಿನಿಂದ ‘ಸೆನ್ಸಾರ್’ ತೆಗೆದು ‘ಸರ್ಟಿಫಿಕೇಶನ್’ ಹಾಕಿದರು. ನಾವಂತೂ ಇನ್ನೂ ಸೆನ್ಸಾರ್ ಅಂತಲೇ ಅನ್ನುತ್ತೇವೆ. 2023ರ ತಿದ್ದುಪಡಿಯಲ್ಲಿ ಯುಎ ಒಡೆದು 7, 13, 16 ಅಂತ ಮೂರಾಯಿತು. ಗೇಮ್‌ಗೆ ಇಂಥ ಬೋರ್ಡು ನಮ್ಮಲ್ಲಿ ಇಲ್ಲ.

ಪ್ಲೇ ಸ್ಟೋರ್‌ನಲ್ಲಿ ಕಾಣುವ ನಂಬರ್ ಬರುವುದು ಒಂದು ಫಾರ್ಮ್‌ನಿಂದ. 2013ರಲ್ಲಿ ಬೇರೆ ಬೇರೆ ದೇಶಗಳ ರೇಟಿಂಗ್ ಮಂಡಳಿಗಳು ಸೇರಿ ಐಎಆರ್‌ಸಿ ಅನ್ನುವ ಒಕ್ಕೂಟ ಮಾಡಿಕೊಂಡವು. ಗೂಗಲ್ 2015ರಿಂದ ಅದನ್ನು ಬಳಸುತ್ತಿದೆ. ಆಟ ಮಾಡಿದವನೇ ಕೂತು ಫಾರ್ಮ್ ತುಂಬುತ್ತಾನೆ. ರಕ್ತ ಇದೆಯಾ? ಬೈಗುಳ ಇದೆಯಾ? ಬೆತ್ತಲೆ ಇದೆಯಾ? ಜೂಜು ಇದೆಯಾ? ಹೌದು, ಇಲ್ಲ ಅಂತ ಒತ್ತುತ್ತಾ ಹೋದರೆ ಕೊನೆಗೆ ನಂಬರ್ ತಾನಾಗಿ ಬೀಳುತ್ತದೆ. ಒಂದೇ ಉತ್ತರಕ್ಕೆ ಅಮೆರಿಕದಲ್ಲಿ ಒಂದು ಗುರುತು, ಜರ್ಮನಿಯಲ್ಲಿ ಇನ್ನೊಂದು. ಸ್ವಂತ ಮಂಡಳಿ ಇಲ್ಲದ ನಮ್ಮಂಥ ದೇಶಗಳಿಗೆ ಸಾಮಾನ್ಯ ನಂಬರ್: 3, 7, 12, 16, 18. ತಪ್ಪು ತುಂಬಿದ್ದರೆ ಆಮೇಲೆ ಬದಲಾಯಿಸುತ್ತಾರೆ, ಅದು ಬೇರೆ ಮಾತು. ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವ ದೊಡ್ಡ ಆಟಗಳಿಗಾದರೆ ಅಮೆರಿಕದ ಮಂಡಳಿಯಲ್ಲಿ ಮನುಷ್ಯರು ನೋಡುತ್ತಾರೆ. ಅವರೂ ಇಡೀ ಆಟ ಆಡುವುದಿಲ್ಲ. ಕಂಪನಿಯವರೇ ಖಾರ ಜಾಸ್ತಿ ಇರುವ ತುಣುಕುಗಳನ್ನು ಒಟ್ಟು ಮಾಡಿ ಕಳಿಸಿದ ವಿಡಿಯೋ ನೋಡಿ ಹೇಳುತ್ತಾರೆ.

ಬೋರ್ಡು ಇಲ್ಲ ಅಂದಮಾತ್ರಕ್ಕೆ ಸೆನ್ಸಾರ್ ಇಲ್ಲ ಅಂತಲ್ಲ ಸಾರ್. 2008ರಲ್ಲಿ ಫಾಲ್‌ಔಟ್ 3 ಅನ್ನುವ ಆಟದ ಎಕ್ಸ್‌ಬಾಕ್ಸ್ ಡಿಸ್ಕನ್ನು ಮೈಕ್ರೋಸಾಫ್ಟ್ ಭಾರತದಲ್ಲಿ ಬಿಡಲೇ ಇಲ್ಲ. ಯಾರೂ ನಿಷೇಧ ಮಾಡಿರಲಿಲ್ಲ. ಇಲ್ಲಿನ ಸಂಸ್ಕೃತಿಯ ಸೂಕ್ಷ್ಮ ವಿಚಾರ ಅಂದರು, ಸುಮ್ನಾದರು. ಆಟದಲ್ಲಿ ಎರಡು ತಲೆಯ ದನದಂಥ ಪ್ರಾಣಿಗೆ ‘ಬ್ರಾಹ್ಮಿನ್’ ಅಂತ ಹೆಸರಿತ್ತು. ಜನ ಅದೇ ಕಾರಣ ಅಂದುಕೊಂಡರು. ಅದೇ ಆಟಕ್ಕೆ ಆಸ್ಟ್ರೇಲಿಯಾದಲ್ಲಿ ತೊಡಕಾದದ್ದು ಮಾರ್ಫಿನ್ ಅನ್ನುವ ಒಂದೇ ಪದಕ್ಕೆ. ನಿಜವಾದ ಮಾದಕ ವಸ್ತುವಿನ ಹೆಸರು ಅಂತ. ಮೆಡ್-ಎಕ್ಸ್ ಅಂತ ಬದಲಾಯಿಸಿದ ಮೇಲೆ ಪಾಸ್. ಅಲ್ಲಿ ಆಗ ಗೇಮ್‌ಗೆ 15ಕ್ಕಿಂತ ಮೇಲಿನ ದರ್ಜೆಯೇ ಇರಲಿಲ್ಲ. 15ಕ್ಕೆ ಹೊಂದದ್ದು ಅಂದರೆ ಮಾರುವಂತಿಲ್ಲ. ದೊಡ್ಡವರಿಗೂ ಇಲ್ಲ. 18ರ ದರ್ಜೆ ಬಂದದ್ದು 2013ರ ಜನವರಿಯಲ್ಲಿ.

ಅಂದ ಹಾಗೆ, ಎ ಸಿನಿಮಾ ಬಂದಾಗ ನಿಮ್ಮ ಗೇಟಿನಲ್ಲಿ ಮೀಸೆ ನೋಡಿ ಬಿಡುತ್ತಿದ್ದರು. ನನಗೆ ಹದಿನಾರಕ್ಕೇ ಮೀಸೆ ಬಂದಿತ್ತು.

ಪ್ರಶ್ನೆ: ನಾನು ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತೇನೆ. ಮಗನಿಗೆ 11. ಆಟದ ಪಕ್ಕ 12+ ಅಂತಿತ್ತು, ಒಂದು ವರ್ಷ ತಾನೇ ಅಂತ ಬಿಟ್ಟೆ. ಹದಿನೈದು ದಿನದಲ್ಲಿ ನನ್ನ ಅಕೌಂಟಿನಿಂದ 3,840 ರೂಪಾಯಿ ಆಟದೊಳಗಿನ ‘ಡೈಮಂಡ್’ಗೆ ಹೋಗಿದೆ. ಇಂಥದ್ದಕ್ಕೆ 12+ ಹೇಗೆ ಕೊಟ್ಟರು?
– ಒಬ್ಬ ತಾಯಿ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಅಕ್ಕಾ, ನಿಮ್ಮ ಕಾಗದ ಓದಿ ಮನಸ್ಸಿಗೆ ಕಷ್ಟವಾಯಿತು. ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯ ನಿಮ್ಮ ಗುರುತನ್ನು ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ. ಪ್ರತಿ ಸಲ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಆ ಪಾಸ್‌ವರ್ಡ್ ಮಗನ ಹುಟ್ಟಿದ ದಿನ ಆಗಿರಬಾರದು. ಯುಪಿಐ ಪಿನ್ ಬದಲಾಯಿಸಿ. ಎರಡು ದಿನದ ಒಳಗಿನ ಖರೀದಿ ಏನಾದರೂ ಇದ್ದರೆ ಈಗಲೇ ಪ್ಲೇ ಸ್ಟೋರ್‌ನಲ್ಲಿ ರೀಫಂಡ್ ಕೇಳಿ, 48 ಗಂಟೆ ದಾಟಿದರೆ ಕಷ್ಟ. ನಿಮ್ಮಿಂದ ಆಗದಿದ್ದರೆ ಫೋನ್ ತಗೊಂಡು ಅಂಗಡಿಗೆ ಬನ್ನಿ, ಮಾಡಿಕೊಡುತ್ತೇನೆ. ದುಡ್ಡು ಬೇಡ.

ಈಗ ನಿಮ್ಮ ಪ್ರಶ್ನೆ. ಆ 12 ಅನ್ನುವುದು ಕಣ್ಣಿಗೆ ಕಾಣುವುದರ ಲೆಕ್ಕ. ಎಷ್ಟು ರಕ್ತ, ಎಷ್ಟು ಹೊಡೆದಾಟ, ಎಂಥ ಮಾತು. ಜೇಬಿನ ಲೆಕ್ಕ ಅದರಲ್ಲಿ ಇರಲೇ ಇಲ್ಲ. ಯಾಕೆಂದರೆ ಈ ನಂಬರ್‌ಗಳು ಹುಟ್ಟಿದ ಕಾಲದಲ್ಲಿ ದೊಡ್ಡವರು ಹೆದರಿದ್ದು ರಕ್ತಕ್ಕೆ. ಆಗ ಆಟ ಅಂದರೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ನಿಮ್ಮ ಮಗ ಆಡಿದ್ದು ಬೇರೆ ಥರ. ಕಿರಾಣಿ ಅಂಗಡಿಯಲ್ಲಿ ಚೀಟಿ ಹರಿಯುವ ಬೋರ್ಡು ನೇತು ಹಾಕಿರುತ್ತಿದ್ದರು, ನೆನಪಿದೆಯಾ? ನಾಲ್ಕಾಣೆ ಕೊಟ್ಟು ಚೀಟಿ ಹರಿದರೆ ವಾಚೂ ಬರಬಹುದು, ಪೆಪ್ಪರ್‌ಮಿಂಟೂ ಬರಬಹುದು. ವಾಚು ಬೋರ್ಡಿನ ಮೇಲೆ ಎದ್ದು ಕಾಣುವ ಹಾಗೆ ಕಟ್ಟಿರುತ್ತಿದ್ದರು. ಬರುತ್ತಿದ್ದದ್ದು ಪೆಪ್ಪರ್‌ಮಿಂಟ್. ಈಗ ಆ ಬೋರ್ಡು ಫೋನಿನೊಳಗೆ ಇದೆ. ಚೀಟಿಗಳು ಮುಗಿಯುವುದೇ ಇಲ್ಲ. ಇಂಗ್ಲಿಷಿನಲ್ಲಿ ಲೂಟ್ ಬಾಕ್ಸ್ ಅನ್ನುತ್ತಾರೆ.

ಇದು ಲೋಕಕ್ಕೆಲ್ಲ ತಲೆನೋವಾದ ಮೇಲೆ ನಿಧಾನಕ್ಕೆ ನಿಯಮ ಬದಲಾಗುತ್ತಿದೆ. ಬೆಲ್ಜಿಯಂ 2018ರಲ್ಲಿ, ದುಡ್ಡು ಕೊಟ್ಟು ಒಡೆಯುವ ಇಂಥ ಪೆಟ್ಟಿಗೆ ಜೂಜೇ ಎಂದಿತು. ಅಮೆರಿಕದ ಮಂಡಳಿ ಅದೇ ವರ್ಷ ‘ಆಟದೊಳಗೆ ಖರೀದಿ ಇದೆ’ ಎಂಬ ಸಾಲು ತಂದಿತು. ಅದು ಸಾಲದು ಅಂತ 2020ರಲ್ಲಿ ‘ಏನು ಬರುತ್ತದೆ ಅಂತ ಮೊದಲೇ ಗೊತ್ತಾಗದ ವಸ್ತುಗಳು’ ಅನ್ನುವ ಅರ್ಥದ ಇನ್ನೊಂದು ಸಾಲು ಸೇರಿಸಿತು. ಸಾಲು ಅಷ್ಟೇ, ವಯಸ್ಸು ಏರಲಿಲ್ಲ. ಆಸ್ಟ್ರೇಲಿಯಾ ಒಂದು ಹೆಜ್ಜೆ ಮುಂದೆ ಹೋಗಿ 2024ರ ಸೆಪ್ಟೆಂಬರ್‌ನಿಂದ ಹೊಸ ಆಟಗಳಿಗೆ ದರ್ಜೆಯನ್ನೇ ಏರಿಸಿತು. ಜೂಜಿನ ನಕಲು ಇದ್ದರೆ ನೇರವಾಗಿ 18.

ಇಷ್ಟಾದರೂ ಎಡವಟ್ಟು ನೋಡಿ. ಬಲಾಟ್ರೋ ಅಂತ ಒಂದು ಇಸ್ಪೀಟಿನ ಆಟ ಬಂತು. ಅದರೊಳಗೆ ನಿಜವಾದ ಒಂದು ಪೈಸೆ ಪಣ ಕಟ್ಟಲಿಕ್ಕಿಲ್ಲ, ಖರೀದಿ ಇಲ್ಲ. ಪೋಕರ್ ಎಂಬ ಇಸ್ಪೀಟಿನ ಜೂಜಿನ ಎಲೆ ಜೋಡಣೆಗಳನ್ನು ಕಲಿಸುತ್ತದೆ ಅಂತ ಯುರೋಪಿನ ಮಂಡಳಿ ಪೆಗಿ ಅದಕ್ಕೆ 18 ಕೊಟ್ಟಿತು. ದುಡ್ಡು ಕೊಟ್ಟು ಆಟಗಾರರ ಪ್ಯಾಕೆಟ್ ಒಡೆಯುವ ದೊಡ್ಡ ಕಂಪನಿಯ ಫುಟ್ಬಾಲ್ ಆಟಕ್ಕೆ ಅದೇ ಮಂಡಳಿ ಕೊಟ್ಟಿದ್ದು 3. ಮೂರು ವರ್ಷದ ಮಗುವಿಗೆ ಸರಿ ಅಂತ! ಮೇಲ್ಮನವಿ ಹೋದ ಮೇಲೆ 2025ರ ಫೆಬ್ರುವರಿಯಲ್ಲಿ ಇಸ್ಪೀಟಿನ ಆಟ 12ಕ್ಕೆ ಇಳಿಯಿತು. ಆಟದಲ್ಲಿ ಒಂದು ಎಲೆಯೂ ಬದಲಾಗಿರಲಿಲ್ಲ.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಬಗ್ಗೆ ಕೇಂದ್ರದ ಹೊಸ ಕಾಯ್ದೆ ಬಂತಲ್ಲ, ಅದು ಇಲ್ಲಿ ಆಗುತ್ತದಾ ಅಂತ ಕೆಲವರು ಕೇಳಿದ್ದಾರೆ. ಅದು ದುಡ್ಡು ಕಟ್ಟಿ ತಿರುಗಿ ದುಡ್ಡು ಗೆಲ್ಲುವ ಆಸೆ ತೋರಿಸುವ ಆಟಗಳಿಗೆ. ರಮ್ಮಿ ಗಿಮ್ಮಿ. ನಿಮ್ಮ ಮಗನಿಗೆ ಬಂದದ್ದು ಗನ್ನಿನ ಬಣ್ಣ, ಟೋಪಿ, ಹೊಸ ಕುಣಿತ. ಅದನ್ನು ಮಾರಿ ದುಡ್ಡು ಮಾಡಲು ಬರುವುದಿಲ್ಲ. ಹಾಗಾಗಿ ಕಾಯ್ದೆ ಅಲ್ಲಿಗೆ ಮುಟ್ಟುವುದಿಲ್ಲ.

ಒಂದು ಮಾತು ಹೇಳಲೇಬೇಕು. 1998ರಲ್ಲೋ 99ರಲ್ಲೋ ಒಬ್ಬ ಹುಡುಗ ದಿನಾ ಐವತ್ತರ ನೋಟು ತರುತ್ತಿದ್ದ. ಅವರಪ್ಪನದು ಕಾಳು ಕಡಿ ಅಂಗಡಿ. ನೋಟಿನ ಮಡಿಕೆಯಲ್ಲಿ ಕಡ್ಲೆ ಹಿಟ್ಟು ಇರುತ್ತಿತ್ತು. ಗಲ್ಲಾದಿಂದ ಎತ್ತಿದ್ದು ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಹಿಟ್ಟು ಕೊಡವಿ ನನ್ನ ಗಲ್ಲಾಕ್ಕೆ ಹಾಕಿಕೊಂಡೆ. ನನ್ನ ಬಾಗಿಲ ಗೆರೆ ಅವನನ್ನು ತಡೆಯಲಿಲ್ಲ. ಅವನು ಎತ್ತರ ಇದ್ದ.

ಮಗನನ್ನು ಹೊಡೆಯಬೇಡಿ ಅಕ್ಕಾ. 3,840ಕ್ಕೆ ಏನೇನು ಬಂತು ತೋರಿಸು ಅನ್ನಿ. ಅವನೇ ಒಂದೊಂದಾಗಿ ತೋರಿಸಲಿ.

ಪ್ರಶ್ನೆ: ನಾವು ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಗಂಡುಗಲಿ ಕುಮಾರರಾಮನ ಮೇಲೆ ಒಂದು ಗೇಮ್ ಮಾಡುತ್ತಿದ್ದೇವೆ. ಕೊನೆಯಲ್ಲಿ ಅವನ ತಲೆ ಕಡಿದು ದಿಲ್ಲಿಗೆ ಒಯ್ಯುವುದನ್ನು ತೋರಿಸಬೇಕು. ರೇಟಿಂಗ್ 18 ಬಿದ್ದರೆ ಯಾರು ಆಡುತ್ತಾರೆ? ರಕ್ತ ಹಸಿರು ಮಾಡೋಣವೇ?
– ವಿದ್ಯಾರ್ಥಿ, ಕಂಪ್ಲಿ

ಉತ್ತರ: ಕಂಪ್ಲಿಯವನಾಗಿ ಕುಮಾರರಾಮನಿಗೆ ಹಸಿರು ರಕ್ತ ಹಾಕುತ್ತೀನಿ ಅಂತೀಯಲ್ಲಪ್ಪಾ! ನಿಮ್ಮೂರ ಅಜ್ಜಂದಿರು ಕೇಳಿಸಿಕೊಂಡಾರು.

ನಾವೆಲ್ಲ ಬಯಲಾಟ, ತೊಗಲುಬೊಂಬೆ ನೋಡಿ ಬೆಳೆದವರು. ರಾತ್ರಿ ಎರಡು ಗಂಟೆಗೆ ರಾಕ್ಷಸನ ತಲೆ ಹಾರುವಾಗ ಎದ್ದು ಕೂತು ಸಿಳ್ಳೆ ಹಾಕಿದವರು. ಅದಕ್ಕೆ ಯಾರೂ ವಯಸ್ಸು ಕೇಳಲಿಲ್ಲ. ಅಜ್ಜಿ ಪಕ್ಕದಲ್ಲಿ ಇರುತ್ತಿದ್ದಳು, ಕಣ್ಣು ಮುಚ್ಚಬೇಕಾದಲ್ಲಿ ಸೆರಗು ಹಾಕುತ್ತಿದ್ದಳು. ಫಾರ್ಮ್‌ನಲ್ಲಿ ಅಜ್ಜಿಗೆ ಜಾಗ ಇಲ್ಲ. ಅಲ್ಲಿ ಕೇಳುವುದು ರಕ್ತ ಎಷ್ಟು ವಿವರವಾಗಿ ಕಾಣುತ್ತದೆ, ಅಂಗ ತುಂಡಾಗುವುದನ್ನು ತೋರಿಸುತ್ತೀರಾ ಅಂತ. ಹಾಗಾಗಿ ಕಡಿಯುವುದನ್ನು ನೆರಳಲ್ಲಿ ತೋರಿಸು. ತೊಗಲುಬೊಂಬೆಯ ಪರದೆ ಹಾಗೆ. ನಂಬರ್ ಇಳಿಯುತ್ತದೋ ಇಲ್ಲವೋ, ನೋಡಲು ಚೆನ್ನಾಗಿರುತ್ತದೆ.

ಆದರೆ ನೀನು ತಲೆಯ ಬಗ್ಗೆ ತಲೆ ಕೆಡಿಸಿಕೊಂಡು ಇನ್ನೊಂದು ಕಡೆ ನೋಡಿಲ್ಲ. ಚೆಂಡು ಹೋಗಿ ಚಿಕ್ಕತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದಲ್ಲ, ಅಲ್ಲಿಂದ ಮುಂದೆ ಅವಳು ಅವನನ್ನು ಮೋಹಿಸುವ ಪ್ರಸಂಗ? ಕಥೆಯೇ ನಿಂತಿರುವುದು ಅದರ ಮೇಲೆ. ಎಷ್ಟೋ ಕಡೆ ರಕ್ತಕ್ಕಿಂತ ಅಂಥದ್ದಕ್ಕೇ ಬೇಗ ನಂಬರ್ ಏರುತ್ತದೆ. ಮಾತಿನಲ್ಲಿ ಸೂಚಿಸಿ ಮುಂದೆ ಹೋಗು. ಇಟ್ಟರೆ ಮಾತ್ರ ಫಾರ್ಮ್‌ನಲ್ಲಿ ಬಚ್ಚಿಡಬೇಡ. 2005ರಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಟದ ಒಳಗೆ ಒಂದು ಹಾಸಿಗೆಯ ದೃಶ್ಯ ಉಳಿದುಬಿಟ್ಟಿತ್ತು. ಆಡುವವರಿಗೆ ಕಾಣದಂತೆ ಮುಚ್ಚಿದ್ದರು, ಅಳಿಸಿರಲಿಲ್ಲ. ಯಾರೋ ಕೋಡ್ ಬಿಚ್ಚಿ ಹೊರಗೆ ತಂದರು. ಎಂಥ ಕೊಲೆ, ಸುಲಿಗೆ ಇದ್ದರೂ 17+ ಇದ್ದ ಆಟ ಅದೊಂದಕ್ಕೆ ‘ವಯಸ್ಕರಿಗೆ ಮಾತ್ರ’ ಆಯಿತು. ದೊಡ್ಡ ಅಂಗಡಿಗಳು ಅದನ್ನು ಕಪಾಟಿನಿಂದ ಇಳಿಸಿದವು. ಅದನ್ನು ತೆಗೆದು ಹೊಸ ಡಿಸ್ಕ್ ಮಾಡಿದ ಮೇಲೆ ಹಳೇ ನಂಬರ್ ವಾಪಸ್ ಬಂತು.

ಒಂದು ವೇಳೆ 18 ಬಿದ್ದರೂ ಎದೆ ಒಡೆದುಕೊಳ್ಳಬೇಡ. ಈ ನಂಬರ್‌ಗಳು ವಯಸ್ಸಾದ ಹಾಗೆ ಮೆತ್ತಗಾಗುತ್ತವೆ. ರಾಕ್ಷಸರಿಗೆ ಗುಂಡು ಹೊಡೆಯುವ ಡೂಮ್ ಆಟವನ್ನು ಜರ್ಮನಿ 1994ರಲ್ಲಿ ಮಕ್ಕಳಿಗೆ ಮಾರಬಾರದವುಗಳ ಪಟ್ಟಿಗೆ ಹಾಕಿತು. ಜಾಹೀರಾತು ಕೊಡುವಂತಿಲ್ಲ, ಅಂಗಡಿಯಲ್ಲಿ ಎದುರಿಗೆ ಇಡುವಂತಿಲ್ಲ. 2011ರಲ್ಲಿ ಪಟ್ಟಿಯಿಂದ ತೆಗೆದರು. ಆ ಸೆನೆಟ್ ಗಲಾಟೆಯಲ್ಲಿ ಮಾರ್ಟಲ್ ಕಾಂಬ್ಯಾಟ್ ಜೊತೆ ಬೈಸಿಕೊಂಡ ಇನ್ನೊಂದು ಆಟ ನೈಟ್ ಟ್ರ್ಯಾಪ್, ಒಂದು ಮನೆಯಲ್ಲಿ ಹುಡುಗಿಯರ ಮೇಲೆ ದಾಳಿ ನಡೆಯುವ ಆಟ. 2017ರಲ್ಲಿ ಅದು ಮತ್ತೆ ಬಂದಾಗ ಸಿಕ್ಕ ನಂಬರ್ 13. ಅದೇ ಹುಡುಗಿಯರು, ಅದೇ ಮನೆ, ಅದೇ ಕಿರುಚಾಟ.

ಪ್ರಶ್ನೆ: ಮಕ್ಕಳನ್ನು ಹಾಳು ಮಾಡುವ ಈ ಆಟಗಳನ್ನೆಲ್ಲ ಒಂದೇ ಏಟಿಗೆ ನಿಷೇಧಿಸುವುದು ಬಿಟ್ಟು ನಂಬರಿನ ಲೆಕ್ಕ ಯಾಕೆ? ಅಂಗಡಿ ಇಟ್ಟು ಮಕ್ಕಳಿಗೆ ಶಾಲೆ ತಪ್ಪಿಸಿದ ನಿಮಗೆ ಉಪದೇಶ ಮಾಡುವ ಹಕ್ಕಿದೆಯೇ?
– ನಿವೃತ್ತ ಮುಖ್ಯೋಪಾಧ್ಯಾಯರು, ಕೊಪ್ಪಳ

ಉತ್ತರ: ಹಕ್ಕಿಲ್ಲ ಮೇಷ್ಟ್ರೇ. ಉಪದೇಶವನ್ನೂ ಮಾಡುತ್ತಿಲ್ಲ, ಕಂಡದ್ದು ಹೇಳುತ್ತಿದ್ದೇನೆ. ಶಾಲೆಯ ಹೊತ್ತಿನಲ್ಲಿ ಯೂನಿಫಾರ್ಮ್ ಹಾಕಿದವರನ್ನು ಬಿಡಬಾರದು ಅಂತ ನಿಯಮ ಮಾಡಿದ್ದೆ. ಹುಡುಗರು ಅಂಗಿ ಬಿಚ್ಚಿ ಬ್ಯಾಗಿನಲ್ಲಿ ತುರುಕಿ, ಬನಿಯನ್‌ನಲ್ಲಿ ಬರುತ್ತಿದ್ದರು. ಬಳ್ಳಾರಿ ಬಿಸಿಲು, ಅನುಮಾನವೇ ಬರುತ್ತಿರಲಿಲ್ಲ.

ಒಂದೇ ಏಟಿನ ನಿಷೇಧ ಮಾಡಿ ನೋಡಿದವರು ಇದ್ದಾರೆ. 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್ ಪೊಲೀಸರು ಪಬ್‌ಜಿ ಆಡಿದ್ದಕ್ಕೆ ಹುಡುಗರನ್ನು ಹಿಡಿದರು. ಆಮೇಲೆ ಅಲ್ಲಿ ಆಟ ನಿಲ್ಲಲಿಲ್ಲ. ದಕ್ಷಿಣ ಕೊರಿಯಾ 2011ರಲ್ಲಿ 16ರ ಒಳಗಿನವರಿಗೆ ರಾತ್ರಿ ಹನ್ನೆರಡರಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಬಂದ್ ಮಾಡಿತು. ಕಾನೂನು ಬರೆದದ್ದು ಕಂಪ್ಯೂಟರ್ ಆಟಕ್ಕೆ. ಮಕ್ಕಳು ಮೊಬೈಲ್ ಹಿಡಿದುಕೊಂಡು ಹೊದಿಕೆಯೊಳಗೆ ಸೇರಿದರು. ಹತ್ತು ವರ್ಷ ನೋಡಿ, 2022ರ ಜನವರಿಯಲ್ಲಿ ಆ ಕಾನೂನು ತೆಗೆದರು. ಚೀನಾ 2021ರಿಂದ ಮಕ್ಕಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾ ದಿನ ರಾತ್ರಿ ಎಂಟರಿಂದ ಒಂಬತ್ತು ಮಾತ್ರ ಎಂದಿದೆ. ಅದನ್ನು ನಡೆಸಲು ಎಲ್ಲರ ಗುರುತಿನ ಚೀಟಿ, ಮುಖದ ಫೋಟೋ ಕಂಪನಿ ಕೈಯಲ್ಲಿ ಇರಬೇಕು. ನನಗೆ ಅದು ಬೇಡ. ನಿಮಗೆ ಬೇಕಾ?

ನೀವು ಒಂದು ಪ್ರಶ್ನೆ ಕೇಳದೆ ಬಿಟ್ಟಿರಿ, ನಾನೇ ಹೇಳುತ್ತೇನೆ. ಆ ಗೆರೆ ನಾನು ಎಳೆದದ್ದು ಮಕ್ಕಳ ಮೇಲಿನ ಕಾಳಜಿಗಲ್ಲ, ಆ ತಾಯಿ ಇನ್ನೊಮ್ಮೆ ಬರಬಾರದು ಅಂತ. ಆಕೆ ಬಂದು ಬೈಯಲು ಒಂದು ಅಂಗಡಿ ಇತ್ತು, ಅಂಗಡಿಯಲ್ಲಿ ನಾನಿದ್ದೆ. ಕೌಲ್ ಬಜಾರಿನ ಆ ಅಕ್ಕ ಯಾವ ಬಾಗಿಲಿಗೆ ಹೋಗಿ ಬೈಯಬೇಕು?

ಪ್ರಶ್ನೆ: ಹಳೇ ಸೆಗಾ ಮೆಷಿನ್ ಇನ್ನೂ ಇದೆಯಾ?
– ಸಂಡೂರಿನಿಂದ ಒಬ್ಬರು, ಪೋಸ್ಟ್ ಕಾರ್ಡಿನಲ್ಲಿ

ಉತ್ತರ: ಇದೆ. ಮೆಷಿನ್ ಸರಿಯಾಗಿದೆ, ಕ್ಯಾಸೆಟ್ಟೂ ಇದೆ. ಅಡಾಪ್ಟರ್ ವೈರನ್ನು ಇಲಿ ಕಡಿದಿದೆ. ಒಂಬತ್ತು ವೋಲ್ಟಿನದು ಬೇಕು, ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್ ಇರುವಂಥದ್ದು. ಈಗ ಸಿಗುವುದೆಲ್ಲ ಉಲ್ಟಾ. ಯಾರ ಅಟ್ಟದ ಮೇಲಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ.